ಆರು ತಿಂಗಳು ಬಂದರಿನಲ್ಲಿ, ದೋಣಿಯಲ್ಲೇ ವಾಸ: ಇದ್ದು ನೋಡಿದವರು ಹೇಳ್ತೀರಾ?

ಪ್ರಶ್ನೆ: ನಾನು, ನನ್ನ ಹೆಂಡತಿ ಆರು ತಿಂಗಳು ಬಂದರಿನಲ್ಲಿ ಕಟ್ಟಿದ ನಮ್ಮ ಹಾಯಿದೋಣಿಯಲ್ಲೇ ಇರಬೇಕು ಅಂದುಕೊಂಡಿದ್ದೇವೆ. ಚಳಿಗಾಲವೂ ಅದರಲ್ಲೇ. ಪ್ರಯಾಣ ಇಲ್ಲ, ಸುಮ್ನೆ ವಾಸ. ಏನೇನು ನೋಡಿಕೊಳ್ಳಬೇಕು?

ಉತ್ತರ 1: ನಾವು ಹದಿನಾಲ್ಕು ತಿಂಗಳು ಹೀಗೇ ಇದ್ದೆವು. ಜಾಸ್ತಿ ಕಾಡಿದ್ದು ತೇವ. ಇಬ್ಬರ ಉಸಿರು, ಅಡುಗೆಯ ಹಬೆ, ಒದ್ದೆ ಬಟ್ಟೆ ಎಲ್ಲವೂ ಆ ಪುಟ್ಟ ಕ್ಯಾಬಿನ್ನಿನಲ್ಲೇ ಸುತ್ತಿ, ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಮೂರನೇ ವಾರ ಹಾಸಿಗೆ ಎತ್ತಿ ನೋಡಿದರೆ, ನನ್ನ ಬೆನ್ನು ಬರುವ ಜಾಗದಲ್ಲಿ ಅಡಿಯ ಹಲಗೆ ಒದ್ದೆ, ಸುತ್ತ ಕಪ್ಪು ಬೂಷ್ಟು. ಅವತ್ತೇ ಹಾಸಿಗೆ ಕೆಳಗೆ ಮರದ ಪಟ್ಟಿ ಜೋಡಿಸಿ ಗಾಳಿಗೆ ದಾರಿ ಮಾಡಿದೆವು. ಚಳಿ ಅಂತ ಎಲ್ಲ ಮುಚ್ಚಿ ಸ್ಟೌ ಉರಿಸಲೇಬೇಡಿ. ಉರಿಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅಲಾರಂ ಮಲಗುವ ಜಾಗದ ಹತ್ತಿರ ಇರಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ವಾಲ್ವ್ ಮುಚ್ಚುವುದು ನನ್ನ ಹೆಂಡತಿ ಮಾಡಿದ ನಿಯಮ. ಒಂದು ದಿನವೂ ತಪ್ಪಿಸಲಿಲ್ಲ.

ಉತ್ತರ 2: ದಡದ ಕರೆಂಟಿನ ಬಗ್ಗೆ ನಾನು ಹೇಳುತ್ತೇನೆ. ಕೇಬಲ್ ಚುಚ್ಚಿದ ಮೇಲೆ ಅರ್ಥಿಂಗ್ ತಂತಿಯ ಮೂಲಕ ನಿಮ್ಮ ದೋಣಿಯ ಲೋಹ ಅಕ್ಕಪಕ್ಕದ ದೋಣಿಗಳ ಲೋಹಕ್ಕೆ ಜೋಡಿಯಾಗುತ್ತದೆ. ನಡುವೆ ಉಪ್ಪುನೀರು. ಒಂದು ಬ್ಯಾಟರಿಯೇ ಆಯಿತಲ್ವಾ? ತಾನು ಸವೆದು ಪ್ರೊಪೆಲ್ಲರ್ ಕಾಯಲೆಂದು ಹಾಕಿರುವ ಸತುವಿನ ತುಂಡು, ಅಂದರೆ ಆನೋಡ್, ಬೇಗ ಬೇಗ ಕರಗುತ್ತದೆ. ನನ್ನದು ಐದು ತಿಂಗಳಿಗೆ ಕಿರುಬೆರಳಿನಷ್ಟು ಉಳಿದಿತ್ತು, ಮೈಯೆಲ್ಲ ತೂತು. ಅರ್ಧ ಸವೆದಾಗಲೇ ಬದಲಿಸಿ. ಅರ್ಥಿಂಗ್ ತಂತಿಯಲ್ಲಿ ಹರಿಯುವ ಈ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಹಾಕಿಸಿ, ಬೇರೆ ಯಾವ ಖರ್ಚು ಮುಂದೂಡಿದರೂ ಇದನ್ನು ಮುಂದೂಡಬೇಡಿ.

ಉತ್ತರ 3: ಹಗ್ಗ ಮರೆಯಬೇಡಿ. ಗಾಳಿಯಿಲ್ಲದ ರಾತ್ರಿಯೂ ದೋಣಿ ಎಳೆದಾಡುತ್ತಲೇ ಇರುತ್ತದೆ, ಹಗ್ಗ ಒಂದೇ ಜಾಗದಲ್ಲಿ ಉಜ್ಜುತ್ತದೆ. ನಾನು ಹಳೇ ನೀರಿನ ಪೈಪ್ ಸೀಳಿ ಅಲ್ಲಿಗೆ ತೊಡಿಸಿದ್ದೆ. ಪ್ರತಿ ಭಾನುವಾರ ಒಂದು ಗೇಣು ಸರಿಸಿ ಕಟ್ಟುತ್ತಿದ್ದೆ. ದೋಣಿ ಕಟ್ಟುವ ಧಕ್ಕೆ ತೇಲುವಂಥದ್ದಲ್ಲದಿದ್ದರೆ ಸಮುದ್ರದ ಇಳಿತಕ್ಕೆ ಬೇಕಾದಷ್ಟು ಹಗ್ಗ ಸಡಿಲ ಬಿಡಿ. ಇಲ್ಲವಾದರೆ ನೀರು ಇಳಿದಾಗ ದೋಣಿ ಹಗ್ಗಕ್ಕೇ ನೇತುಬೀಳುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಎಂಜಿನ್ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿದರೆ ಸಾಕಲ್ವಾ?

ಉತ್ತರ 1: ಸಾಲದು. ಕಟ್ಟಿದಲ್ಲೇ ಖಾಲಿ ಓಡಿಸಿದರೆ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ, ಒಳಗೆ ಮಸಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಹಗ್ಗ ಬಿಚ್ಚಿ ಒಂದೆರಡು ಗಂಟೆ ಹೊರಗೆ ಹೋಗಿಬನ್ನಿ. ನಿಂತಲ್ಲೇ ಇದ್ದರೆ ಲೋಟ, ಪುಸ್ತಕ, ಬಟ್ಟೆ ಎಲ್ಲವನ್ನೂ ಮನೆಯ ಹಾಗೆ ಹರಡಿಬಿಡುತ್ತೇವೆ. ಹೊರಡಬೇಕು ಅಂದರೆ ಎಲ್ಲ ಎತ್ತಿಡಲೇಬೇಕು. ಆಗ ಹಾಸಿಗೆಯ ಅಡಿಯನ್ನೂ ಒಮ್ಮೆ ನೋಡಿದ ಹಾಗಾಗುತ್ತದೆ.