ಬ್ಯಾಟರಿ ವೈರ್ ತೆಗೆಯುವ ವಿಡಿಯೋ ಮತ್ತು ನಮ್ಮ ಮನೆ ಗುಂಪು

ಚಿಕ್ಕಪ್ಪ: (ಫಾರ್ವರ್ಡ್ ವಿಡಿಯೋ) ಕಾರಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದೆಯಾ? ಎಂಜಿನ್ ಓಡುತ್ತಿರುವಾಗಲೇ ನೆಗೆಟಿವ್ ವೈರ್ ತೆಗೆಯಿರಿ. ಎಂಜಿನ್ ನಿಂತರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿದೆ. ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ. ಎಲ್ಲರಿಗೂ ಕಳಿಸಿ.

ನಾನು: ಚಿಕ್ಕಪ್ಪ, ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಬ್ಯಾಟರಿ ಬಿಡಿಸಿದ ಕೂಡಲೇ ವೋಲ್ಟೇಜ್ ಒಮ್ಮೆಲೇ ಮೇಲೆ ಹಾರುತ್ತದೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಡಬಹುದು. ಆಲ್ಟರ್ನೇಟರ್ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಚೆನ್ನಾಗಿದ್ದ ಡಯೋಡೂ ಹೋಗಬಹುದು.

ಚಿಕ್ಕಪ್ಪ: ಅಂಬಾಸಿಡರ್‌ನಲ್ಲಿ ಎಷ್ಟು ಸಲ ಮಾಡಿದ್ದೀವಿ ಕಣೋ. ಏನೂ ಆಗಿಲ್ಲ.

ನಾನು: ಹಳೇ ಅಂಬಾಸಿಡರ್‌ನಲ್ಲಿ ಇದ್ದದ್ದು ಡೈನಮೋ. ಅದು ನೇರವಾಗಿ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್, ಕೊಡುತ್ತಿತ್ತು. ಡಯೋಡ್ ಇರಲಿಲ್ಲ, ಸುಡಲು ಇಸಿಯು ಕೂಡ ಇರಲಿಲ್ಲ. ಈಗಿನ ಆಲ್ಟರ್ನೇಟರ್ ಒಳಗೆ ಹುಟ್ಟುವುದು ಮೂರು ಫೇಸ್ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ಅದನ್ನು ಡಿಸಿ ಮಾಡುವುದು ರೆಕ್ಟಿಫೈಯರ್, ಮೆಕ್ಯಾನಿಕ್‌ಗಳು ಡಯೋಡ್ ಪ್ಲೇಟ್ ಅನ್ನುತ್ತಾರಲ್ಲ, ಅದೇ. ಸಾಮಾನ್ಯವಾಗಿ ಅದರಲ್ಲಿ 6 ಮುಖ್ಯ ಡಯೋಡ್ ಇರುತ್ತವೆ.

ಭಾವ: ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿ ಇದೆ ಅಂತ ತಾನೇ?

ನಾನು: ಅಲ್ಲ ಭಾವ. ಆರರಲ್ಲಿ ಒಂದು ಹೋದರೂ ಎಂಜಿನ್ ಓಡುತ್ತದೆ, ಚಾರ್ಜೂ ಅಷ್ಟಿಷ್ಟು ಆಗುತ್ತದೆ. ಅದಕ್ಕೇ ನಾನು 8 ತಿಂಗಳಲ್ಲಿ 2 ಬ್ಯಾಟರಿ ಕೊಂಡೆ. ಸಂಜೆ ಚೆನ್ನಾಗಿ ಓಡಿದ ಕಾರು ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಟಕ್ ಅಂತಿತ್ತು, ಅಷ್ಟೇ. ಅಂಗಡಿಯವರು ವೋಲ್ಟೇಜ್ ನೋಡಿ, ಚಾರ್ಜ್ ಆಗುತ್ತಿದೆ, ಬ್ಯಾಟರಿಯೇ ಹೋಗಿದೆ ಎಂದರು. ಕೊನೆಗೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬೆಳಿಗ್ಗೆ 6ಕ್ಕೇ ಮನೆಗೆ ಬಂದು, ಬಾನೆಟ್ ಎತ್ತಿ, ರಾತ್ರಿಯೆಲ್ಲ ನಿಂತಿದ್ದ ಕಾರಿನ ಆಲ್ಟರ್ನೇಟರ್ ಮೇಲೆ ಕೈಯಿಟ್ಟು, ನೀವೂ ಮುಟ್ಟಿ ನೋಡಿ ಎಂದರು. ಎಂಜಿನ್ ಕೊರೆಯುವಷ್ಟು ತಣ್ಣಗಿತ್ತು. ಅದೊಂದು ಮಾತ್ರ ಬೆಚ್ಚಗಿತ್ತು! ಡಯೋಡ್ ಶಾರ್ಟ್ ಆಗಿ ಬ್ಯಾಟರಿಯ ಕರೆಂಟ್ ಇಡೀ ರಾತ್ರಿ ಅದರೊಳಗೆ ವಾಪಸ್ ಹರಿಯುತ್ತಿತ್ತು. ಪ್ಲೇಟ್ ಬದಲಿಸಿದ ಮೇಲೆ ಅದೇ ಬ್ಯಾಟರಿ ಇವತ್ತಿಗೂ ನಡೀತಿದೆ.

ಅಕ್ಕ: ನಮ್ಮ ಕಾರು ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಿಣುಕುತ್ತದೆ. ರೇಸ್ ಕೊಟ್ಟರೆ ಸ್ಟೀರಿಯೋದಲ್ಲಿ ಕುಂಯ್ ಅಂತ ಸದ್ದು, ರೇಸ್ ಜಾಸ್ತಿ ಆದ ಹಾಗೆ ಅದೂ ಏರುತ್ತದೆ. ಇದೂ ಅದೇನಾ?

ನಾನು: ಇರಬಹುದು ಅಕ್ಕ. ಡ್ಯಾಶ್‌ಬೋರ್ಡಿನ ಬ್ಯಾಟರಿ ಲೈಟ್ ಪೂರ್ತಿ ಆರದೆ ಮಂದವಾಗಿ ಉರೀತಿದೆಯಾ, ಕತ್ತಲಲ್ಲಿ ನೋಡು. ಭಾವನ ಹತ್ತಿರ ಮಲ್ಟಿಮೀಟರ್ ಇದೆಯಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಬ್ಯಾಟರಿ ಮೇಲೆ ಮೊದಲು ಡಿಸಿ ನೋಡಲಿ. ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು, ಆದರೆ ಹೊಸ ಕಾರುಗಳಲ್ಲಿ ಕಂಪ್ಯೂಟರ್ ಅದನ್ನು ಏರಿಸಿ ಇಳಿಸುತ್ತದೆ, ಅದೊಂದರಿಂದಲೇ ತೀರ್ಮಾನ ಬೇಡ. ಆಮೇಲೆ ಅಲ್ಲೇ ಎಸಿ ರೇಂಜ್‌ಗೆ ತಿರುಗಿಸಲಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಎಸಿ ಪೂರ್ತಿ ಡಿಸಿ ಆಗುತ್ತಿಲ್ಲ ಅಂತ, ಡಯೋಡ್ ಮೇಲೇ ಅನುಮಾನ.

ಭಾವ: ನನ್ನದು ಅಗ್ಗದ ಮೀಟರ್ ಮಾರಾಯ.

ನಾನು: ಹಾಗಾದರೆ ಮೊದಲು ಎಂಜಿನ್ ಆಫ್ ಇರುವಾಗ ಎಸಿ ನೋಡಿ ಭಾವ. ಸೊನ್ನೆ ಬರಬೇಕು. ಕೆಲವು ಅಗ್ಗದ ಮೀಟರ್ ಅಲ್ಲೇ 20ಕ್ಕಿಂತ ಜಾಸ್ತಿ ತೋರಿಸುತ್ತವೆ, ಅಂಥದ್ದರಲ್ಲಿ ಈ ಪರೀಕ್ಷೆ ಆಗಲ್ಲ.

ಚಿಕ್ಕಪ್ಪ: ಮೀಟರ್ ಇಲ್ಲದವರು ಏನು ಮಾಡಬೇಕೋ? ಅದಕ್ಕೇ ನಾನು ಕಳಿಸಿದ್ದು.

ನಾನು: ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಆಲ್ಟರ್ನೇಟರ್ ಮುಟ್ಟಿ ನೋಡಲಿ ಚಿಕ್ಕಪ್ಪ. ತಣ್ಣಗಿದ್ದ ಮಾತ್ರಕ್ಕೆ ಸರಿ ಇದೆ ಅಂತಲ್ಲ, ಆದರೆ ಬೆಚ್ಚಗಿದ್ದರಂತೂ ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಬಿಡಬೇಡಿ. ವೈರ್ ತೆಗೆಯುವುದು ಬೇಡವೇ ಬೇಡ. ಆ ವಿಡಿಯೋ ಡಿಲೀಟ್ ಮಾಡಿ, ಹುಡುಗರು ನೋಡಿ ಮಾಡಿಬಿಡುತ್ತಾರೆ.

(20 ನಿಮಿಷದ ನಂತರ)

ಭಾವ: ಆಫ್ ಇದ್ದಾಗ ಎಸಿ ಸೊನ್ನೆ. ಸ್ಟಾರ್ಟ್ ಮಾಡಿದ ಮೇಲೆ ಡಿಸಿ 13.4, ಎಸಿ 1.1.

ನಾನು: ನಾಳೆಯೇ ಆಲ್ಟರ್ನೇಟರ್ ಬಿಚ್ಚಿಸಿ ಭಾವ. ಬ್ಯಾಟರಿ ಕೊಳ್ಳಬೇಡಿ.

ಚಿಕ್ಕಪ್ಪ: ವಿಡಿಯೋ ತೆಗೆದೆ. ಆ ಎಲೆಕ್ಟ್ರಿಷಿಯನ್ ನಂಬರ್ ನನಗೂ ಕಳಿಸು.