ವಾಕಿಂಗ್ ನಿಂತಿದೆ, ಮಾವನವರು ಮಾತೂ ನಿಲ್ಲಿಸಿದ್ದಾರೆ. ನೀವಾದರೆ ಏನು ಮಾಡುತ್ತಿದ್ದಿರಿ?

ಕೇಳಿದವರು: ಶಹಾಪುರ, ಬೆಳಗಾವಿ (ಮೇ 2021ರ ಕೊನೆಯ ವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 69 ವರ್ಷ. ಸಾರಿಗೆ ಸಂಸ್ಥೆಯ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದವರು. ಅಲ್ಲಿಂದೀಚೆ ಬೆಳಿಗ್ಗೆ ಎದ್ದು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಅನ್ನುವ ಮರಗಳ ಆವರಣಕ್ಕೆ ವಾಕಿಂಗ್ ಹೋಗುವುದು ಅವರ ರೂಢಿ. ಅಲ್ಲಿ ಮರದ ಕೆಳಗೆ ಕೂರುವ ಒಂದು ಗೆಳೆಯರ ಗುಂಪಿತ್ತು. ಏಪ್ರಿಲ್ ಕೊನೆಗೆ ಕೊರೊನಾ ಕರ್ಫ್ಯೂ ಆದಾಗಿನಿಂದ ಎಲ್ಲ ಬಂದ್. ಆ ಗುಂಪಿನ ಇಬ್ಬರು ಈ ಅಲೆಯಲ್ಲಿ ತೀರಿಕೊಂಡರು.

ಈಗ ಇಡೀ ದಿನ ಟಿವಿ ಮುಂದೆ ಇರುತ್ತಾರೆ. ಎಷ್ಟು ಕೇಸು, ಎಷ್ಟು ಸಾವು, ಬೆಡ್ ಎಲ್ಲಿ ಸಿಗಲಿಲ್ಲ, ಅದೇ ಧ್ಯಾನ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ ಕೇಸು 50 ಸಾವಿರ ದಾಟಿತಲ್ಲ, ಆವಾಗಿನಿಂದ ನಿದ್ದೆಯೂ ಸರಿ ಇಲ್ಲ. ಏನು ಕೇಳಿದರೂ ‘ಹೂಂ’ ಅಷ್ಟೇ. ನಮ್ಮದು ಗಲ್ಲಿಯೊಳಗಿನ ಬಾಡಿಗೆ ಮನೆ. ಅಂಗಳ ಇಲ್ಲ. ಮೇಲೆ ಸಣ್ಣದೊಂದು ಟೆರೇಸ್ ಇದೆ. ಲಾಕ್‌ಡೌನ್ ಜೂನ್ 7ರವರೆಗೆ ಅಂತ ಹೇಳಿದ್ದಾರೆ, ಮತ್ತೆ ಮುಂದೆ ಹೋದರೂ ಹೋಗಬಹುದು. ನಿಮ್ಮ ಮನೆಗಳಲ್ಲಿ ಹೀಗೆ ಆಗಿದ್ದರೆ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಟಿಳಕವಾಡಿಯಿಂದ

ತಂಗಿ, ನಮ್ಮ ಮನೆ ಡಿಪೋ ಹತ್ತಿರವೇ. ನಿಮ್ಮ ಮಾವನವರಂಥ ಹಿರಿಯರನ್ನು ನಾನು ದಿನಾ ನೋಡುತ್ತಿದ್ದೆ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಆ ಕೆಲಸ ಎಂದೋ ನಿಂತಿತು, ಆದರೆ ಆವಾಗಿನ ಮರಗಳು ಉಳಿದವು. ಊರಿನ ನಡುವೆ ಅಷ್ಟು ನೆರಳು, ಅಷ್ಟು ಹಕ್ಕಿ ಬೇರೆಲ್ಲಿ ಸಿಗುತ್ತದೆ ಹೇಳಿ? ಅಲ್ಲಿಗೆ ಬರುವ ಹಿರಿಯರಲ್ಲಿ ಅರ್ಧ ಜನ ನಡೆಯುವುದಕ್ಕಿಂತ ಕೂರುವುದೇ ಜಾಸ್ತಿ. ಮಕ್ಕಳ ಮುಂದೆ ಆಡದ ಮಾತನ್ನು ಅಲ್ಲಿ ಆಡುತ್ತಾರೆ. ಹಾಗಾಗಿ ‘ಟೆರೇಸ್ ಮೇಲೆ ನಾಲ್ಕು ಸುತ್ತು ಹಾಕಿ ಬನ್ನಿ’ ಅಂದರೆ ಅವರಿಗೆ ಸಾಕಾಗುವುದಿಲ್ಲ.

ಕಳೆದ ವರ್ಷ ಮಾರ್ಚ್ 25ಕ್ಕೆ ಮೊದಲ ಲಾಕ್‌ಡೌನ್ ಆದಾಗ ನಮ್ಮ ಮನೆಯವರೂ ಹೀಗೇ ಕುಗ್ಗಿದ್ದರು. ಆಗ ನಾವು ಮಾಡಿದ್ದು ಹೇಳುತ್ತೇನೆ.

ಹಾಲು, ತರಕಾರಿ ತರುವ ಕೆಲಸ ಅವರಿಗೇ ಬಿಟ್ಟೆವು. ಈಗಲೂ 6ರಿಂದ 10ರವರೆಗೆ ಹತ್ತಿರದ ಅಂಗಡಿಗೆ ನಡೆದು ಹೋಗಿ ಬರಬಹುದಲ್ವಾ. 9 ಗಂಟೆ ನಂತರ ಗದ್ದಲ, 6ಕ್ಕೇ ಕಳಿಸಿ. ಮಾಸ್ಕ್ ಇರಲಿ. ಎರಡು ದಾರಿ ಇದ್ದರೆ ಮರ ಇರುವ ದಾರಿ ಹಿಡಿಯಲು ಹೇಳಿ. ಈಗ ಗುಲ್‌ಮೊಹರ್ ಹೂ ಬಿಟ್ಟಿದೆ, ಮೊನ್ನೆಯ ಚಂಡಮಾರುತದ ಮಳೆಗೆ ಎಲೆಯೆಲ್ಲ ತೊಳೆದಿಟ್ಟ ಹಾಗಿದೆ. ನೋಡುತ್ತಾ ಬರಲಿ. ಬೇಗ ಬಾ ಅಂತ ಫೋನ್ ಮಾಡಬೇಡಿ.

ಇನ್ನೊಂದು, ವಾಕಿಂಗ್ ಹೊತ್ತಿಗೇ ಗೆಳೆಯರ ಫೋನ್. ನಮ್ಮವರು ಟೆರೇಸ್ ಮೇಲೆ, ಅವರ ಗೆಳೆಯರು ಅವರವರ ಮನೆ ಬಾಗಿಲಲ್ಲಿ. ಕೊರೊನಾ ವಿಷಯ ಎತ್ತಬಾರದು ಅಂತ ಅವರವರೇ ಕಟ್ಟು ಹಾಕಿಕೊಂಡರು. ಕೋಗಿಲೆ ಕೂಗಿದರೆ ಫೋನ್ ಎತ್ತಿ ಹಿಡಿದು ಕೇಳಿಸುತ್ತಿದ್ದರು. ನೋಡಿದರೆ ಸಣ್ಣದು, ಆದರೆ ನಮ್ಮ ಮನೆಯಲ್ಲಿ ಮಾತು ವಾಪಸ್ ಬಂದಿದ್ದು ಇದರಿಂದಲೇ.

ಇನ್ನು ಆ ಇಬ್ಬರು ಗೆಳೆಯರ ವಿಷಯ. ನಿಮ್ಮ ಮಾವನವರಿಗೆ ಮಣ್ಣಿಗೂ ಹೋಗಲಾಗಿಲ್ಲ, ಅಲ್ವಾ? ಮುಖ ನೋಡಿಲ್ಲ, ಅವರ ಮನೆಯವರ ಜತೆ ಕೂತು ಅತ್ತಿಲ್ಲ. ಆ ದುಃಖ ಒಳಗೇ ಕೂತಿದೆ. ಅವರ ಹೆಸರು ಎತ್ತಿದರೆ ಬೇಜಾರಾದೀತು ಅಂತ ನೀವು ಸುಮ್ನಿದ್ದರೆ ಅವರೂ ಸುಮ್ನಿರುತ್ತಾರೆ. ನೀವೇ ಕೇಳಿ. ಅವರು ಹೇಗಿದ್ದರು, ಡಿಪೋದಲ್ಲಿ ಎಲ್ಲಿ ಕೂರುತ್ತಿದ್ದರು, ಏನು ಮಾತಾಡುತ್ತಿದ್ದರು ಅಂತ. ಅತ್ತರೆ ಅಳಲಿ ಬಿಡಿ.

ವಿಜಯಪುರದಿಂದ

ನಮ್ಮಲ್ಲಿ ಬೆಳಗಿನ ವಾಕಿಂಗ್ ಅಂದರೆ ಗೋಳಗುಮ್ಮಟದ ಆವರಣ. ಏಪ್ರಿಲ್ ಮಧ್ಯದಲ್ಲಿ ಪುರಾತತ್ವ ಇಲಾಖೆ ದೇಶದ ಎಲ್ಲ ಸ್ಮಾರಕ ಮುಚ್ಚಿಸಿದಾಗ ಅದೂ ಮುಚ್ಚಿತು. ಕಳೆದ ವರ್ಷವೂ ಮಾರ್ಚ್‌ನಿಂದ ಜುಲೈ 6ರವರೆಗೆ ಬೀಗ ಇತ್ತು. ಒಳಗಿನ ಹುಲ್ಲು, ಮರಗಳ ಮೇಲೆ ನಮಗೆಷ್ಟು ಆಸರೆ ಇತ್ತು ಅನ್ನುವುದು ಆವಾಗ ಗೊತ್ತಾಯಿತು. ನಮ್ಮೂರ ಮೇ ತಿಂಗಳು ನಿಮಗೆ ಗೊತ್ತಲ್ಲ. ಬೆಳಿಗ್ಗೆ 9ಕ್ಕೆ ಟೆರೇಸ್ ಮೇಲೆ ಕಾಲಿಡಲಾಗುವುದಿಲ್ಲ.

ನನಗೆ ಈ ಏಪ್ರಿಲ್‌ನಲ್ಲಿ ಪಾಸಿಟಿವ್ ಬಂತು. ಮನೆಯ ಒಂದು ಕೋಣೆಯಲ್ಲಿ ಒಬ್ಬನೇ ಇದ್ದೆ. ಕಿಟಕಿಯಾಚೆ ಪಕ್ಕದ ಮನೆಯ ಬೇವಿನ ಮರ. ಮಂಚವನ್ನು ಎಳೆದು ಆ ಕಿಟಕಿಗೆ ಮುಖ ಮಾಡಿ ಹಾಕಿಕೊಂಡೆ. ಜ್ವರದಲ್ಲಿ ಬೇರೇನೂ ಮಾಡಲಾಗುತ್ತಿರಲಿಲ್ಲ. ಅಳಿಲು, ಗಿಳಿ, ಗಾಳಿಗೆ ಆಡುವ ಎಲೆ, ಅಷ್ಟೇ ನೋಡುವುದು. ಮೊಬೈಲ್ ನೋಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಮರ ನೋಡಿದರೆ ಉಸಿರು ತಿಳಿಯಾಗುತ್ತಿತ್ತು.

ಆಮೇಲೆ ಓದಿ ತಿಳಿದೆ, ಇದು ಬರೀ ನನ್ನ ಭಾವನೆ ಅಲ್ಲ. ಅಮೆರಿಕದ ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಕಳೆದ ವರ್ಷ ಟೋಕಿಯೊದಲ್ಲಿ 3 ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲೂ ಇದೇ ಬಂದಿದೆ. ಕೊರೊನಾ ಕಾಲದಲ್ಲಿ ಹಸಿರು ಜಾಗಕ್ಕೆ ಹೋಗುತ್ತಿದ್ದವರಲ್ಲಿ, ಮನೆ ಕಿಟಕಿಯಿಂದ ಹಸಿರು ಕಾಣುತ್ತಿದ್ದವರಲ್ಲಿ ಖಿನ್ನತೆ, ಆತಂಕ, ಒಂಟಿತನ ಕಡಿಮೆ ಕಂಡವು.

ಅಕ್ಕ, ನಿಮ್ಮ ಮನೆಯ ಯಾವ ಕಿಟಕಿಯಿಂದ ಒಂದು ಮರವಾದರೂ ಕಾಣುತ್ತದೆ, ನೋಡಿ. ಮಾವನವರ ಕುರ್ಚಿಯನ್ನು ಟಿವಿ ಮುಂದಿನಿಂದ ಎತ್ತಿ ಅಲ್ಲಿ ಹಾಕಿ. ಟಿವಿ ಬಂದ್ ಮಾಡಿ ಅಂತ ಜಗಳ ಆಡುವುದಕ್ಕಿಂತ ಇದು ಸುಲಭ.

ಬಾಗಲಕೋಟೆ ನವನಗರದಿಂದ

ಅಕ್ಕ, ನಮ್ಮದು ಮುಳುಗಡೆ ಕುಟುಂಬ. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ನವನಗರಕ್ಕೆ ಬಂದಾಗ ರಸ್ತೆ ಅಗಲ, ಸೈಟು ಅಚ್ಚುಕಟ್ಟು, ಸೆಕ್ಟರ್‌ಗೆಲ್ಲ ನಂಬರು. ನೆರಳು ಮಾತ್ರ ಇರಲಿಲ್ಲ. ನಮ್ಮಪ್ಪನಿಗೆ ಆಗ ಆಗಿದ್ದೂ ಇದೇ. ಓಣಿ ಹೋಯಿತು, ಕಟ್ಟೆ ಹೋಯಿತು, ಗೆಳೆಯರು ಬೇರೆ ಬೇರೆ ಸೆಕ್ಟರ್ ಸೇರಿದರು. ಮಾತು ನಿಂತಿತು. ಅವರನ್ನು ಎಬ್ಬಿಸಿದ್ದು ಮನೆ ಮುಂದೆ ನೆಟ್ಟ ಒಂದು ಹೊಂಗೆ ಸಸಿ. ದಿನಾ ಕೊಡ ನೀರು ಹಾಕಬೇಕು, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಬೇಕು. ತಾನು ಹೋಗದಿದ್ದರೆ ಸಸಿ ಒಣಗುತ್ತದೆ ಅನ್ನುವ ಚಿಂತೆಗೇ ಅವರು ಎದ್ದು ಹೊರಗೆ ಬರುತ್ತಿದ್ದರು. ಈಗ ಆ ಮರದ ಕೆಳಗೆ ನಮ್ಮ ಓಣಿಯ ಅರ್ಧ ಜನ ಕೂರುತ್ತಾರೆ. ಈ ಲಾಕ್‌ಡೌನಿನಲ್ಲೂ ಹೊಸ್ತಿಲು ದಾಟಿದರೆ ನಮಗೆ ನೆರಳಿದೆ.

ಅದಕ್ಕೇ ನಾನು ಹೇಳುವುದು, ಮಾವನವರಿಗೆ ಮನರಂಜನೆ ಹುಡುಕಬೇಡಿ, ಕೆಲಸ ಕೊಡಿ. ಅದರಲ್ಲೂ ಜೀವ ಇರುವ ಕೆಲಸ. ವರ್ಕ್‌ಶಾಪಿನಲ್ಲಿ ಕೈ ಮಸಿ ಮಾಡಿಕೊಂಡು ದುಡಿದವರು ಸುಮ್ನೆ ಕೂತರೆ ಸೊರಗುತ್ತಾರೆ.

ಬೇಗ ಫಲ ಕಾಣುವುದರಿಂದ ಶುರು ಮಾಡಿ. ಮೆಂತ್ಯೆ ಒಳ್ಳೆಯದು. ಅಡುಗೆಮನೆ ಕಾಳೇ ಸಾಕು, ರಾತ್ರಿ ನೆನೆಸಿಡಿ. ಹಳೇ ಟಬ್ ಇದ್ದರೆ ತಳಕ್ಕೆ ತೂತು ಹೊಡೆದು, ಮಣ್ಣು ಗೊಬ್ಬರ ಸೇರಿಸಿ ತುಂಬಿ, ಕಾಳು ಚೆಲ್ಲಿ ಮೇಲೆ ತೆಳ್ಳಗೆ ಮಣ್ಣು ಹಾಕಿ. ತೂತು ಹೊಡೆಯುವುದು, ಸ್ಟ್ಯಾಂಡ್ ಮಾಡುವುದು ಎಲ್ಲ ಅವರಿಗೇ ಬಿಡಿ, ಅವರ ಕೈಯ ಕೆಲಸ ಅದು. ಮೂರ್ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ, ಮೂರ್ನಾಲ್ಕು ವಾರಕ್ಕೆ ಪಲ್ಯಕ್ಕೆ ಸೊಪ್ಪು. ಕೊತ್ತಂಬರಿಯಾದರೆ ಬೀಜವನ್ನು ಒತ್ತಿ ಎರಡು ಹೋಳು ಮಾಡಿ ಹಾಕಬೇಕು. ಅದು ಮೇಲೆ ಬರಲು ವಾರಕ್ಕಿಂತ ಜಾಸ್ತಿ ಹಿಡಿಯುತ್ತದೆ, ಮೊದಲೇ ಹೇಳಿಬಿಡಿ. ಬೆಳಗಾವಿಯ ಮಳೆ ಜೋರು. ಮೆಂತ್ಯೆ ಸಸಿ ಕೊಳೆಯುತ್ತದೆ, ಟಬ್ಬನ್ನು ಕಿಟಕಿಯ ಮೇಲಿನ ಸಜ್ಜೆಯ ಕೆಳಗೆ ಸರಿಸಿ. ಹೀರೆ ಬೀಜ ಈಗ ಊರಿದರೆ ಮಳೆಗೆ ಬಳ್ಳಿ ಚೆನ್ನಾಗಿ ಹಬ್ಬುತ್ತದೆ. ಗ್ರಿಲ್‌ಗೆ ಹಗ್ಗ ಕಟ್ಟಿ ಹತ್ತಿಸಿ.

ಮತ್ತೆ ಶಹಾಪುರದಿಂದ, ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುರ್ಚಿ ಈಗಲೇ ಸರಿಸಿದೆ. ಕಿಟಕಿಯಿಂದ ಒಂದು ತೆಂಗಿನ ಮರದ ತಲೆ ಕಾಣುತ್ತದೆ. ಕುಂಡದ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ಟೆರೇಸ್ ಸೋರುತ್ತದೆ, ಗಿಡ ಇಡಬೇಡಿ ಅಂತ ಮಾಲೀಕರು ಹಿಂದೆ ಹೇಳಿದ್ದರು.

ನವನಗರದವರು

ಮಾಲೀಕರು ಹೇಳುವುದರಲ್ಲಿ ಅರ್ಥ ಇದೆ ಅಕ್ಕ. ಸ್ಲ್ಯಾಬ್ ನಡುವೆ ಭಾರ ಇಡಬೇಡಿ. ಗೋಡೆಯ ಅಂಚಿಗೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಕುಂಡ ಇಡಿ, ಕೆಳಗೆ ಗಾಳಿ ಆಡಬೇಕು. ಪ್ರತಿ ಕುಂಡದ ಕೆಳಗೆ ತಟ್ಟೆ ಇರಲಿ, ತಟ್ಟೆಯ ನೀರು ಚೆಲ್ಲುತ್ತಿರಿ, ಇಲ್ಲದಿದ್ದರೆ ಸೊಳ್ಳೆ ಆಗುತ್ತದೆ. ಮಣ್ಣಿಗೆ ಅರ್ಧದಷ್ಟು ತೆಂಗಿನ ನಾರಿನ ಪುಡಿ ಸೇರಿಸಿದರೆ ಭಾರ ಕಡಿಮೆ. ಮೊದಲು ಒಂದೆರಡು ಇಟ್ಟು ಮಾಲೀಕರಿಗೆ ತೋರಿಸಿ. ಮೊದಲ ಸೊಪ್ಪಿನ ಕಟ್ಟು ಅವರ ಮನೆಗೇ ಕೊಡಿ.

ಬೆಳಗಾವಿ ಕ್ಯಾಂಪಿನಿಂದ (ಕಂಟೋನ್ಮೆಂಟ್ ಪ್ರದೇಶ)

ಕುಂಡ ಇಡಿ, ಬೇಡ ಅನ್ನುವುದಿಲ್ಲ. ಆದರೆ ಮರದ ಜಾಗಕ್ಕೆ ಕುಂಡ ಸಾಟಿ ಆಗುವುದಿಲ್ಲ. ಕ್ಯಾಂಪಿನ ರಸ್ತೆಗಳಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆದವನು ನಾನು. ಆ ತಂಪಿನಲ್ಲಿ ಹತ್ತು ಹೆಜ್ಜೆ ಇಟ್ಟರೆ ತಲೆಯ ಬಿಸಿ ಇಳಿಯುತ್ತದೆ. ಗಲ್ಲಿಗಳಲ್ಲಿ ಇರುವವರಿಗೆ ಈ ಪಾಲು ಯಾವಾಗಲೂ ಕಡಿಮೆಯೇ ಸಿಕ್ಕಿದೆ. ಶಹಾಪುರ, ವಡಗಾವಿಯಲ್ಲಿ ಒಂದೇ ಕೋಣೆಯಲ್ಲಿ ಮಗ್ಗ, ಅಡುಗೆ, ಮಲಗುವುದು ಎಲ್ಲ ನಡೆಯುವ ಮನೆಗಳಿವೆ. ಅವರಿಗೆ ಟೆರೇಸೂ ಇಲ್ಲ. ನಮ್ಮ ಅನುಭವ ಹೇಳುವಾಗ ಅವರನ್ನೂ ನೆನೆಯಬೇಕು.

ಬೈಲಹೊಂಗಲದಿಂದ, ನರ್ಸ್

ಎಲ್ಲರ ಮಾತೂ ಒಳ್ಳೆಯದೇ. ನಾನು ಬೇರೆ ಒಂದು ಮಾತು ಹೇಳಬೇಕು. ಅಕ್ಕ, ನಿಮ್ಮ ಮಾವನವರಿಗೆ ನಿದ್ದೆ, ಮಾತು ಎರಡೂ ಹೋಗಿ ಎರಡು ವಾರ ದಾಟಿದೆ ಅಂತ ನಿಮ್ಮ ಬರಹದಿಂದ ಗೊತ್ತಾಗುತ್ತದೆ. ಊಟ ಹೇಗಿದೆ? ತೂಕ ಇಳಿದಿದೆಯಾ? ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಟ್ಟಿದ್ದಾರಾ, ಡಬ್ಬಿ ತೆಗೆದು ನೋಡಿ. ಮನಸ್ಸು ಸೋತವರು ಮಾತ್ರೆ ಬಿಡುವುದನ್ನು ನಾನು ವಾರ್ಡಿನಲ್ಲಿ ಬಹಳ ನೋಡುತ್ತೇನೆ. ಈಚೆಗೆ ಜ್ವರ ಬಂದು ಹೋಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

‘ನಾನಿದ್ದು ಏನು ಮಾಡಲಿ’, ‘ನಾನೂ ಅವರ ಹಿಂದೆ ಹೋಗಿದ್ದರೆ ಚೆನ್ನಾಗಿತ್ತು’ ಅನ್ನುವಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಕಳೆದ ವರ್ಷದ ಮಾರ್ಚ್‌ನಿಂದ ಇದಕ್ಕೇ ಒಂದು ಸಹಾಯವಾಣಿ ನಡೆಸುತ್ತಿದ್ದಾರೆ: 080-46110007. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾವನವರು ಮಾತಾಡಲು ಒಪ್ಪದಿದ್ದರೆ ಮೊದಲು ನೀವೇ ಮಾಡಿ. ‘ಹುಚ್ಚು ಅಂದುಕೊಂಡರಾ’ ಅಂತ ಹಿರಿಯರು ಸಿಟ್ಟಾಗುತ್ತಾರೆ, ‘ನಿದ್ದೆಗೆ ಔಷಧಿ ಕೇಳೋಣ’ ಅಂತ ಶುರು ಮಾಡಿದರೆ ಒಪ್ಪುತ್ತಾರೆ. ಗಿಡ, ಮರ, ಡಾಕ್ಟರ್ ಮೂರೂ ಜತೆಗೇ ನಡೆಯಲಿ.

ನೀವೂ ಊಟ ನಿದ್ದೆ ಬಿಡಬೇಡಿ ಅಕ್ಕ.

ಹಿಂದವಾಡಿಯಿಂದ

ಕ್ಯಾಂಪಿನವರ ಮಾತಿಗೆ ನಾನೂ ಸೇರುತ್ತೇನೆ. ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರನ್ನು ಕೇಳಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾರಕ್ಕೆ 120 ನಿಮಿಷ ಹಸಿರಿನ ನಡುವೆ ಕಳೆಯುವವರ ಆರೋಗ್ಯ, ನೆಮ್ಮದಿ ಎರಡೂ ಚೆನ್ನಾಗಿರುತ್ತದೆ ಅಂತ ಅದರಲ್ಲಿ ಕಂಡಿತು. ಒಂದೇ ದಿನ ಕಳೆದರೂ ಸರಿ, ಸ್ವಲ್ಪ ಸ್ವಲ್ಪವಾಗಿ ಕಳೆದರೂ ಸರಿ. ದಿನಕ್ಕೆ ಇಪ್ಪತ್ತು ನಿಮಿಷ ಆಯಿತು ಅಷ್ಟೇ. ಅಷ್ಟು ಹೊತ್ತು ಮಾಸ್ಕ್ ಹಾಕಿ ಒಬ್ಬರಿಂದೊಬ್ಬರು ದೂರ ಇದ್ದು ನಡೆದರೆ ರೋಗ ಹರಡುವುದು, ಮುಚ್ಚಿದ ಕೋಣೆಗಿಂತ ಬಯಲಲ್ಲಿ ಬಹಳ ಕಡಿಮೆ.

ಕಳೆದ ವರ್ಷ ಮೇ ತಿಂಗಳಲ್ಲಿ ಪಾರ್ಕ್‌ಗಳನ್ನು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7ರವರೆಗೆ ಬಿಟ್ಟಿದ್ದರಲ್ಲ. ಲಾಕ್‌ಡೌನ್ ಸಡಿಲ ಮಾಡುವಾಗ ಅಂಗಡಿಗಿಂತ ಮೊದಲು ಪಾರ್ಕ್ ನೆನಪಾಗಲಿ ಅಂತ ನಾವು ಕೇಳಬೇಕು. ನಮ್ಮ ಪಾಲಿಕೆಯಲ್ಲಿ ಈಗ ಚುನಾಯಿತ ಸದಸ್ಯರೇ ಇಲ್ಲ, ಆದ್ದರಿಂದ ಪಾಲಿಕೆ ಆಯುಕ್ತರಿಗೂ ಜಿಲ್ಲಾಧಿಕಾರಿಗೂ ನೇರವಾಗಿ ಬರೆಯೋಣ. ಬೆಳಗಿನ ಮೊದಲ ಒಂದು ಗಂಟೆ 60 ದಾಟಿದವರಿಗೆ ಮಾತ್ರ, ಗುಂಪಾಗಿ ಕೂರುವಂತಿಲ್ಲ, ಗೇಟಿನಲ್ಲಿ ಸ್ಯಾನಿಟೈಸರ್ ಇಡುವ ಕೆಲಸಕ್ಕೆ ನಾವೇ ಪಾಳಿ ಹಾಕಿಕೊಳ್ಳುತ್ತೇವೆ, ಹೀಗೆ ಬರೆದರೆ ಇಲ್ಲ ಅನ್ನುವುದು ಅವರಿಗೂ ಕಷ್ಟ. ಕನ್ನಡದ ಕರಡು ನಾನು ಇವತ್ತು ರಾತ್ರಿ ಬರೆದು ಹಾಕುತ್ತೇನೆ. ಮರಾಠಿಯಲ್ಲೂ ಒಂದು ಪ್ರತಿ ಬೇಕು, ಬರೆಯಬಲ್ಲವರು ಯಾರಾದರೂ ಇದ್ದರೆ ತಿಳಿಸಿ. ಸಹಿ ಹಾಕುವವರು ತಮ್ಮ ಬಡಾವಣೆ ಮತ್ತು ಹತ್ತಿರದ ಪಾರ್ಕ್ ಹೆಸರು ಬರೆಯಿರಿ.