ಉಬ್ಬಸ ನಿಂತಿದೆ, ಸ್ಪೈರೋಮೆಟ್ರಿ (ಊದಿಸಿ ನೋಡುವ ಶ್ವಾಸಪರೀಕ್ಷೆ) ನಾರ್ಮಲ್. ಸ್ಟೀರಾಯ್ಡ್ ಇನ್ಹೇಲರ್ ಬಿಡಬಹುದಾ?

ಆಲ್ದೂರು_ಹುಡುಗಿ:
ಅಮ್ಮನಿಗೆ 52 ವರ್ಷ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್‌ನಲ್ಲಿ ಬೀಜ ಆರಿಸುವ ಕೆಲಸ. ಆಸ್ತಮಾಗೆ ಬ್ಯುಡೆಸೊನೈಡ್-ಫಾರ್ಮೊಟೆರಾಲ್ (ಸ್ಟೀರಾಯ್ಡ್ ಜೊತೆ ಶ್ವಾಸನಾಳ ಹಿಗ್ಗಿಸುವ ಔಷಧ) ಕ್ಯಾಪ್ಸೂಲಿನ ಪುಡಿಯನ್ನು ಇನ್ಹೇಲರ್‌ನಲ್ಲಿ ದಿನಕ್ಕೆರಡು ಸಲ ಎಳೆಯುತ್ತಾರೆ. ಮೂರು ವಾರದಲ್ಲೇ ಸುಯ್‌ಸುಯ್ ಸದ್ದು ನಿಂತಿತು. ಆದರೆ ಬೆಳಗಿನ ಮಂಜಿಗೆ ಹೊರಬಿದ್ದರೆ, ಬಚ್ಚಲೊಲೆ ಹೊಗೆ ತಾಗಿದರೆ ಈಗಲೂ ಕೆಮ್ಮು, ಎದೆ ಬಿಗಿತ. ರಿಪೋರ್ಟ್ ನಾರ್ಮಲ್ ಆದಮೇಲೂ ಯಾಕೆ ಹೀಗೆ? ಇದನ್ನು ಬಿಟ್ಟು, ಬೇಕಾದಾಗ ಸಾಲ್ಬುಟಮಾಲ್ ಎಳೆದುಕೊಂಡರೆ ಸಾಲದಾ?

ಹಾಸನ_ಪಲ್ಮೊ:
ದಯವಿಟ್ಟು ಬಿಡಿಸಬೇಡಿ ಮೇಡಂ. ಸದ್ದು ನಿಂತಿತು ಅಂದರೆ ಶ್ವಾಸನಾಳ ಸದ್ಯಕ್ಕೆ ತೆರೆದಿದೆ ಅಂತಷ್ಟೇ ಅರ್ಥ. ನಾಳದ ಗೋಡೆಯ ಒಳಗೆ ಇಯೊಸಿನೊಫಿಲ್, ಮಾಸ್ಟ್ ಎಂಬ ಉರಿಯೂತದ ಕೋಶಗಳು ಇನ್ನೂ ಸೇರಿಕೊಂಡಿರುತ್ತವೆ, ಒಳಪದರ ಅಲ್ಲಲ್ಲಿ ಕಿತ್ತುಹೋಗಿರುತ್ತದೆ. ಮಾಸ್ಟ್ ಕೋಶಗಳು ನಾಳದ ಸ್ನಾಯುವಿನ ನಡುವೆಯೇ ಕೂತಿರುತ್ತವೆ. ತಣ್ಣನೆಯ ಗಾಳಿ ಒಳಗಿನ ತೇವ ಎಳೆದುಕೊಂಡ ಕೂಡಲೇ ಅವು ಹಿಸ್ಟಮಿನ್, ಲ್ಯುಕೊಟ್ರೈನ್ ಎಂಬ ರಾಸಾಯನಿಕ ಸುರಿಸುತ್ತವೆ, ಸ್ನಾಯು ಹಿಡಿದುಕೊಳ್ಳುತ್ತದೆ. ಬೇರೆಯವರಿಗೆ ಏನೂ ಅನ್ನಿಸದ ಮಂಜು ನಿಮ್ಮ ಅಮ್ಮನಿಗೆ ಕೆಮ್ಮು ತರಿಸುವುದು ಇದಕ್ಕೇ. ನಾಳದ ತ್ರಿಜ್ಯ ಅರ್ಧಕ್ಕೆ ಇಳಿದರೆ ಗಾಳಿಗೆ ಬರುವ ತಡೆ ಹೆಚ್ಚುಕಡಿಮೆ 16 ಪಟ್ಟಾಗುತ್ತದೆ, ಹಾಗಾಗಿ ಸಣ್ಣ ಬಿಗಿತವೂ ದೊಡ್ಡದೇ.

ಈ ಅತಿಸೂಕ್ಷ್ಮತೆಯನ್ನು ಮೆಥಾಕೋಲಿನ್ (ನಾಳ ಬಿಗಿಸುವ ಔಷಧ) ಪರೀಕ್ಷೆಯಲ್ಲಿ ಅಳೆಯುತ್ತಾರೆ. ಮಿ.ಲೀ.ಗೆ 16 ಮಿ.ಗ್ರಾಂ. ದ್ರಾವಣ ಎಳೆದರೂ ಸಾಮಾನ್ಯರ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಶೇ 20ರಷ್ಟು ಬೀಳುವುದಿಲ್ಲ. ಆಸ್ತಮಾ ಇದ್ದವರಿಗೆ ಎಷ್ಟೋ ಸಲ 4 ಮಿ.ಗ್ರಾಂ. ಒಳಗೇ ಬೀಳುತ್ತದೆ. ಸ್ಪೈರೋಮೆಟ್ರಿ ನೋಡುವುದು ಆ ಹೊತ್ತಿನ ಊದುವಿಕೆಯನ್ನು ಮಾತ್ರ.

ಇನ್ಹೇಲರ್ ಸ್ಟೀರಾಯ್ಡ್‌ಗೆ ಮೊದಲು ಇಳಿಯುವುದು ಸದ್ದು, ಕೆಲವು ವಾರಗಳಲ್ಲಿ ಎಫ್‌ಇವಿ1 ಸುಧಾರಿಸುತ್ತದೆ. ಅತಿಸೂಕ್ಷ್ಮತೆ ತಗ್ಗಲು ತಿಂಗಳುಗಟ್ಟಲೆ ಬೇಕು. ಕನಿಷ್ಠ 3 ತಿಂಗಳು ಚೆನ್ನಾಗಿ ಹತೋಟಿಯಲ್ಲಿದ್ದರೆ ಡಾಕ್ಟರೇ ಸ್ಟೀರಾಯ್ಡ್ ಡೋಸನ್ನು ಶೇ 25ರಿಂದ 50 ಇಳಿಸುತ್ತಾರೆ, ಒಮ್ಮೆಲೇ ನಿಲ್ಲಿಸುವುದಿಲ್ಲ. ಸಾಲ್ಬುಟಮಾಲ್ ಸ್ನಾಯು ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದೇ ಇಲ್ಲ. ಅದೊಂದರಲ್ಲೇ ಆಸ್ತಮಾ ನಿಭಾಯಿಸುವುದು ಬೇಡ ಅಂತ ಜೀನಾ (ಆಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಜಾಗತಿಕ ಸಂಸ್ಥೆ) 2019ರಲ್ಲೇ ಹೇಳಿದೆ.

ಉಸಿರು_ಟೆಕ್ನಿಷಿಯನ್:
ಕ್ಯಾಪ್ಸೂಲ್ ಎಳೆಯುವ ಕ್ರಮವನ್ನೂ ಒಮ್ಮೆ ನೋಡಿ. ಮಲೆನಾಡ ಮಳೆಗಾಲದಲ್ಲಿ ಡಬ್ಬಿಯಿಂದ ಮೊದಲೇ ತೆಗೆದಿಟ್ಟ ಕ್ಯಾಪ್ಸೂಲಿನ ಪುಡಿ ತೇವಕ್ಕೆ ಗಂಟುಕಟ್ಟುತ್ತದೆ, ಎಷ್ಟೇ ಎಳೆದರೂ ಒಳಗೆ ಹೋಗುವುದಿಲ್ಲ. ಆಗಲೇ ತೆಗೆದು ಹಾಕಬೇಕು. ಉಸಿರನ್ನು ಪೂರ್ತಿ ಹೊರಬಿಡಬೇಕು, ಆದರೆ ಸಾಧನದೊಳಗೆ ಊದಬಾರದು. ಆಮೇಲೆ ಜೋರಾಗಿ, ಆಳವಾಗಿ ಎಳೆದು 10 ಸೆಕೆಂಡ್ ಹಿಡಿಯಬೇಕು. ಒಳಗೆ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಬೇಕು. ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು. ಗ್ಯಾಸ್ ತುಂಬಿದ ಪಂಪ್‌ಗೆ ಬದಲಾಯಿಸಿದರೆ ಎಳೆಯುವ ರೀತಿ ಉಲ್ಟಾ: ನಿಧಾನವಾಗಿ ಎಳೆಯಬೇಕು, ಸ್ಪೇಸರ್ (ಪಂಪ್‌ಗೂ ಬಾಯಿಗೂ ನಡುವೆ ಸೇರಿಸುವ ಕೊಳವೆ) ಇದ್ದರೆ ಒಳ್ಳೆಯದು.

ಗೋಣಿಚೀಲ:
ಎಲ್ಲರೂ ಮಂಜನ್ನೇ ಹಿಡಿದುಕೊಂಡಿದ್ದೀರಿ, ಕೆಲಸದ ಜಾಗ ಬಿಟ್ಟುಹೋಗಿದೆ. ಹುರಿಯದ ಹಸಿರು ಕಾಫಿ ಬೀಜದ ಧೂಳು ಆಸ್ತಮಾ ತರುವ ಅಲರ್ಜಿಕಾರಕ. ಹಿಂದೆ ಹರಳು (ಹರಳೆಣ್ಣೆ ತೆಗೆಯುವ ಬೀಜ) ತುಂಬಿದ್ದ ಗೋಣಿಯಲ್ಲೇ ಕಾಫಿ ತುಂಬಿದರೆ ಹರಳಿನ ಧೂಳೂ ಸೇರುತ್ತದೆ, ಅದು ಇನ್ನೂ ಉಗ್ರ. ವಾರದ ರಜೆಯಲ್ಲಿ ಅಮ್ಮನ ಕೆಮ್ಮು ಕಡಿಮೆಯಾಗುತ್ತದಾ?

ಆಲ್ದೂರು_ಹುಡುಗಿ:
ಹೌದು, ಭಾನುವಾರ ಆರಾಮ. ಸೋಮವಾರ ಸಂಜೆ ಮತ್ತೆ ಶುರು. ಇದನ್ನು ಡಾಕ್ಟರಿಗೆ ಹೇಳಿಯೇ ಇಲ್ಲ.

ಹಾಸನ_ಪಲ್ಮೊ:
ಹಾಗಾದರೆ ಪೀಕ್ ಫ್ಲೋ ಮೀಟರ್ (ಊದುವ ವೇಗ ಅಳೆಯುವ ಸಣ್ಣ ಸಾಧನ) ತೆಗೆದುಕೊಳ್ಳಿ. ಕೆಲಸದ ದಿನ, ರಜೆ ದಿನ ಎರಡರಲ್ಲೂ ದಿನಕ್ಕೆ ನಾಲ್ಕು ಹೊತ್ತು. ಪ್ರತಿ ಹೊತ್ತೂ ನಿಂತು ಮೂರು ಸಲ ಊದಿಸಿ, ದೊಡ್ಡ ಅಂಕಿ ಬರೆಯಿರಿ. ಕನಿಷ್ಠ ನಾಲ್ಕು ವಾರ. ದಿನದ ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆದು, ಎರಡರ ಸರಾಸರಿಯಿಂದ ಭಾಗಿಸಿ. 380 ಮತ್ತು 300 ಬಂದರೆ 80 ಭಾಗಿಸು 340, ಸುಮಾರು ಶೇ 24. ದೊಡ್ಡವರಲ್ಲಿ ದಿನದ ಸರಾಸರಿ ಏರಿಳಿತ ಶೇ 10 ದಾಟಿದರೆ ಹೆಚ್ಚೇ. ಈ ಅವಧಿಯಲ್ಲಿ ಔಷಧದ ಡೋಸ್ ಬದಲಿಸಬೇಡಿ, ಪಟ್ಟಿ ಕೆಟ್ಟುಹೋಗುತ್ತದೆ. ಪಟ್ಟಿ ಕೈಗೆ ಬರುವ ಮೊದಲೇ ಕೆಲಸ ಬಿಡಿಸಲೂಬೇಡಿ, ಕಾರಣ ಧೂಳೇ ಅಂತ ಆಮೇಲೆ ತೋರಿಸುವುದು ಕಷ್ಟ. ಧೂಳೇ ಅಂತ ಗೊತ್ತಾದರೆ ಮಾತ್ರ ಬೇಗ ಆ ವಿಭಾಗದಿಂದ ಹೊರಬರಬೇಕು, ತಡಮಾಡಿದಷ್ಟೂ ಅತಿಸೂಕ್ಷ್ಮತೆ ಉಳಿದುಬಿಡುವ ಸಾಧ್ಯತೆ ಹೆಚ್ಚು. ನಡುವೆ ಎಂದಾದರೂ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು ಕಟ್ಟಿದರೆ ಪಟ್ಟಿ ಬದಿಗಿಟ್ಟು ನೇರ ಆಸ್ಪತ್ರೆಗೆ ಕರೆದೊಯ್ಯಿರಿ.